ಸುಳ್ಳು ಹೂ

ನಮ್ಮ ಮನೆಯವರು ಹೇಳುವ ಕಥೆ ಹೀಗಿದೆ. ಆ ವರ್ಷ ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಹಾಕಿದ ಸಿಹಿಗುಂಬಳದ ಬಳ್ಳಿ ಸೊಕ್ಕಿ ಹಬ್ಬಿತ್ತು, ಹೂ ಬಿಟ್ಟಿತ್ತು, ಮಿಡಿಯೂ ಕಂಡಿತ್ತು. ಆದರೆ ಚಿಕ್ಕಿ ಮಿಡಿಗೆ ಬೆರಳು ತೋರಿಸಿದಳು. ಒಂದು ಕಾಯಿಯೂ ನಿಲ್ಲಲಿಲ್ಲ.

ಇಷ್ಟೇ ಕಥೆ. ಹೇಳುವವರು ಇಲ್ಲಿಗೆ ನಿಲ್ಲಿಸಿ ನಿಟ್ಟುಸಿರು ಬಿಡುತ್ತಾರೆ. ಕೇಳುವವರು ತಲೆಯಾಡಿಸುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಭಾರೀ ಏನೂ ಕಲಿತಿಲ್ಲ. ಆದರೆ "ಅದಾದ ಮೇಲೆ ಇದಾಯಿತು" ಎನ್ನುವುದನ್ನು "ಅದರಿಂದಲೇ ಇದಾಯಿತು" ಎಂದು ತಿರುಗಿಸಿ ಹೇಳುವವರನ್ನು ವೇದಿಕೆಯಿಂದ ಇಳಿಸುವುದು ಹೇಗೆಂದು ಕಲಿತಿದ್ದೇನೆ. ಮನೆಯಲ್ಲಿ ವೇದಿಕೆಯೇ ಇಲ್ಲ. ಇಳಿಸುವುದು ಎಲ್ಲಿಂದ?

ಅಂದಹಾಗೆ, ಕಥೆಯ ಕೊನೆಯ ವಾಕ್ಯವೂ ಸುಳ್ಳು. ಕಾಯಿ ನಿಂತಿತ್ತು. ಕಥೆ ಹೇಳುವವರೇ ಕೂತು ಅದರ ಹುಳಿ ಉಂಡಿದ್ದಾರೆ.

ಚಿಕ್ಕಿ ಎಂದರೆ ನನ್ನ ಅಪ್ಪಯ್ಯನ ತಮ್ಮನ ಹೆಂಡತಿ. ಬೈಂದೂರಿನ ಕಡೆಯಿಂದ ಕೊಕ್ಕರ್ಣೆಯ ಒಳಗಿನ ನಮ್ಮ ಮನೆಗೆ ಬಂದವಳು. ಅವಳಿಗೆ ಮಕ್ಕಳಾಗಿರಲಿಲ್ಲ. ಇದನ್ನು ನಾನು ಬಾಯಿಬಿಟ್ಟು ಹೇಳಲೇಬೇಕು, ಏಕೆಂದರೆ ಕಥೆ ಹೇಳುವವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಇಡೀ ಕಥೆ ನಿಂತಿರುವುದು ಇದರ ಮೇಲೆಯೇ. ಅದೇ ಮಿಡಿಗೆ ನನ್ನ ಅಬ್ಬಿ, ಎಂದರೆ ಅಮ್ಮ, ಬೆರಳು ತೋರಿಸಿದ್ದರೆ, ಇಬ್ಬರನ್ನು ಹೆತ್ತವಳು ಅಂತ, "ಹೋಯ್ಲಿ, ಗೊತ್ತಾಯ್ಲಿಲ್ಲ ಅವ್ಳಿಗೆ" ಎಂದು ಅಜ್ಜಿ ಅಲ್ಲಿಗೇ ಬಿಡುತ್ತಿದ್ದಳು. ಚಿಕ್ಕಿಯ ಬೆರಳಾದ್ದರಿಂದ ಮಾತು ಬೆಳೆಯಿತು. ಅವಳನ್ನು "ಸ್ವಲ್ಪ ದಿನ" ತವರಿಗೆ ಕಳಿಸುವ ಸುದ್ದಿ ಎದ್ದಿತು. ಆ ಸ್ವಲ್ಪ ದಿನ ಎಂದರೆ ಎಷ್ಟು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು: ಚಿಕ್ಕಪ್ಪಯ್ಯನಿಗೆ ಇನ್ನೊಂದು ಹೆಣ್ಣು ಹುಡುಕಲು ಎಷ್ಟು ಬೇಕೋ ಅಷ್ಟು. ತವರಿನಲ್ಲಿ ಅವಳಿಗೆ ಇದ್ದದ್ದು ಅಣ್ಣ, ಅತ್ತಿಗೆ. ಅಲ್ಲಿ ಅವಳ ಕೋಣೆ ಯಾವತ್ತೋ ಅಣ್ಣನ ಮಕ್ಕಳ ಕೋಣೆಯಾಗಿತ್ತು.

ಬೆರಳಿನ ವಿಷಯ ನಮ್ಮ ಕಡೆ ಬೆಳೆದವರಿಗೆ ಹೇಳಬೇಕಾಗಿಲ್ಲ. ಎಳೆಯ ಕಾಯಿಗೆ ಬೆರಳು ತೋರಿಸಬಾರದು, ತೋರಿಸಿದರೆ ಕೊಳೆಯುತ್ತದೆ. ತೋರಿಸಲೇಬೇಕಾದರೆ ಬೆರಳು ಮಡಚಿ ಗೆಣ್ಣಿನಿಂದ ತೋರಿಸಬೇಕು. ಅಜ್ಜಿಗೆ ಇದು ಎಷ್ಟು ಕೈಗೆ ಹತ್ತಿದೆಯೆಂದರೆ, ಬ್ರಹ್ಮಾವರದ ಸಂತೆಯಲ್ಲಿ ಬಳ್ಳಿ ಬಿಟ್ಟು ಬಂದು ರಾಶಿ ಬಿದ್ದ ಸೌತೆಕಾಯಿಯನ್ನೂ ಅವಳು ಗೆಣ್ಣಿನಿಂದಲೇ ತೋರಿಸುತ್ತಾಳೆ. "ಅಜ್ಜಿ, ಅದ್ ಸತ್ತಾಯ್ತ್, ಇನ್ನೆಂತ ಕೊಳಿತ್ತ್?" ಎಂದು ನಾನು ಒಮ್ಮೆ ಕೇಳಿದ್ದೆ. "ಹೆಣೆ, ನಿನ್ ಬಾಯಿಗ್ ಪ್ರೈಜ್ ಕೊಟ್ಟವ್ರ್ ಯಾರೆ? ಅವ್ರನ್ನ ಒಂದ್ಸಲ ಮನಿಗ್ ಕರ್ಕಂಡ್ ಬಾ, ಮಾತಾಡ್ಕ್" ಎಂದಳು.

ನಾನು ಆಗ ಕುಂದಾಪುರದಲ್ಲಿ ಡಿಗ್ರಿ ಓದುತ್ತಿದ್ದೆ. ಪರೀಕ್ಷೆಗೆ ಓದಲೆಂದು ಕೊಟ್ಟ ರಜೆಯಲ್ಲಿ ಮನೆಗೆ ಬಂದಿದ್ದೆ. ಒಂದು ಬೆಳಿಗ್ಗೆ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಗದ್ದೆಗೆ ಇಳಿದರೆ ಚಿಕ್ಕಿ ಕೊಡಪಾನದಲ್ಲಿ ಬಳ್ಳಿಯ ಬುಡಕ್ಕೆ ನೀರು ಹೊಯ್ಯುತ್ತಿದ್ದಳು. ಆ ಬಳ್ಳಿಗೆ ಬೀಜ ಹಾಕಿದವಳು ಅವಳೇ, ದಿನಾ ನೀರು ಹೊತ್ತವಳೂ ಅವಳೇ.

"ಹೆಣೆ, ಇಲ್ಕಾಣ್, ಎಲಿ ಅಡೀಗೆ ಎಷ್ಟ್ ಚಂದದ್ ಮಿಡಿ ಇತ್ತ್!" ಎಂದು ಅವಳು ಬೆರಳು ಚಾಚಿದಳು.

"ಬೆರಳ್ ಮಡ್ಚ್! ಬೆರಳ್ ಮಡ್ಚ್ ಮಾರಾಯ್ತಿ!" ಗದ್ದೆಯ ಅಂಚಿನಲ್ಲಿ ನಿಂತಿದ್ದ ಅಜ್ಜಿಯ ಕೂಗಿಗೆ ಬಾಳೆಯಲ್ಲಿದ್ದ ಹಕ್ಕಿ ಹಾರಿತು. ಚಿಕ್ಕಿ ಬೆರಳು ಮಡಚಿದಳು. ಮಡಚಿದ್ದು ತಡವಾಯಿತಂತೆ. ಮಿಡಿ ಹಳದಿಯಾಗಿ, ತುದಿಯಿಂದ ಮೆತ್ತಗಾಗಿ, ಉದುರಿತು. ಅದರ ಪಕ್ಕದ್ದೂ ಉದುರಿತು. ಅದರಾಚೆಯದೂ.

ಆದರೆ ಅದಕ್ಕೂ ಮೊದಲೇ ಮಿಡಿ ಉದುರುತ್ತಿತ್ತು. ಉದುರಿ ಕಪ್ಪಾದದ್ದು ಆ ದಿನವೇ ನನ್ನ ಕಾಲಡಿಗೆ ಸಿಕ್ಕಿತ್ತು. ನಾನು ಅದನ್ನು ಅಜ್ಜಿಯ ಮುಂದೆ ಹಿಡಿದೆ.

"ಇದ್ ಬೆರಳ್ ತೋರ್ಸುಕ್ ಮೊದ್ಲೇ ಬಿದ್ದದ್ದಲೆ?"

"ಮೊದ್ಲೂ ತೋರ್ಸಿರ್ತ್ಲ್. ನಾವ್ ಕಾಣ್ಲಿಲ್ಲ ಅಷ್ಟೆ."

ಇಂಥ ಉತ್ತರಕ್ಕೆ ಏನು ಮಾಡುತ್ತೀರಿ? ಸಾಕ್ಷಿ ಇದ್ದರೆ ಅವಳದು ತಪ್ಪು, ಇಲ್ಲದಿದ್ದರೆ ಅವಳು ಕದ್ದು ಮಾಡಿದ್ದು. ತಪ್ಪಿಸಿಕೊಳ್ಳುವ ಬಾಗಿಲೇ ಇಲ್ಲದ ಕೋಣೆ ಕಟ್ಟಿ, ಒಳಗಿರುವವಳು ಹೊರಗೆ ಬರಲಿಲ್ಲ, ಆದ್ದರಿಂದ ತಪ್ಪಿತಸ್ಥೆ ಎನ್ನುವ ವಾದ.

ಚಿಕ್ಕಿ ಮಾತ್ರ ಅವತ್ತು ಬಾವಿಕಟ್ಟೆಯಲ್ಲಿ ನಕ್ಕಳು. "ನನ್ ಬೆರಳಿಗ್ ಅಷ್ಟ್ ಶಕ್ತಿ ಇದ್ರೆ, ಮೊದ್ಲ್ ಕುಂಬ್ಳಕ್ಕ್ ಯಾಕೆ ತೋರ್ಸ್ತಿದ್ದೆ? ಮನಿ ಒಳಗ್ ತೋರ್ಸುಕ್ ಬೇಕಾದಷ್ಟ್ ಜನ ಇರ್ಲಿಲ್ಯಾ?" ಎಂದಳು. ನಗು ಮುಗಿದ ಮೇಲೆ ಅವಳೇ ಹೇಳಿದಳು: ಕುಂದಾಪುರದ ಡಾಕ್ಟರಲ್ಲಿ ಅವಳ ಎಲ್ಲ ಪರೀಕ್ಷೆಗಳೂ ಆಗಿದ್ದವು. "ನನ್ನದೆಲ್ಲ ಸಮ ಇತ್ತಂಬ್ರ್. ಇನ್ನೊಂದ್ಸಲ ಬಪ್ಪತಿಗೆ ಗಂಡನ್ನ ಕರ್ಕಂಡ್ ಬನ್ನಿ ಅಂದ್ರ್."

"ಚಿಕ್ಕಪ್ಪಯ್ಯ ಎಂತ ಹೇಳ್ರ್?"

"ಹೋಟ್ಲ್ ಬಿಟ್ಟ್ ಬಪ್ಪುಕಾತಿಲ್ಲ ಅಂದ್ರ್."

"ಆಮೇಲೆ?"

"ಆಮೇಲೂ ಹಾಂಗೇ ಅಂದ್ರ್."

ಚಿಕ್ಕಪ್ಪಯ್ಯನ ಹೋಟೆಲಿನ ವಿಷಯ ಇಲ್ಲಿ ಬರಲೇಬೇಕು. ಅವರು ಮುಂಬಯಿಯ ಹೋಟೆಲುಗಳಲ್ಲಿ ದುಡಿದು, ಊರಿಗೆ ಬಂದು, ಹಾಲಾಡಿ ಪೇಟೆಯಲ್ಲಿ ಒಂದು ಸಣ್ಣ ಹೋಟೆಲು ಮಾಡಿದ್ದರು. ಆ ವರ್ಷ ಅವರು ಹೊಸದಾಗಿ ಶುರು ಮಾಡಿದ್ದು ಕುಂಬಳ ಹೂವಿನ ಪೋಡಿ. ಕಡಲೆಹಿಟ್ಟಿಗೆ ಅಕ್ಕಿಹಿಟ್ಟು, ಮೆಣಸಿನಪುಡಿ, ಇಂಗು ಹಾಕಿ ಕಲಸಿ, ಹೂವನ್ನು ಇಡಿಯಾಗಿ ಅದ್ದಿ ಕರಿದದ್ದು. ಯಾರೋ ಅದರ ವಿಡಿಯೋ ಮಾಡಿ ಹಾಕಿದರು. ಕುಂದಾಪುರದಿಂದ ಹುಡುಗರು ಬೈಕು ಹಾಕಿಕೊಂಡು ಬರತೊಡಗಿದರು. ಪೋಡಿ ಚೆನ್ನಾಗಿತ್ತು ಎಂಬುದನ್ನು ನಾನೂ ಒಪ್ಪುತ್ತೇನೆ. ತಿಂದಿದ್ದೇನೆ.

ಹೂ ಎಲ್ಲಿಂದ ಬರಬೇಕು? ಚಿಕ್ಕಿಯ ಬಳ್ಳಿಯಿಂದ.

ಕುಂಬಳದ ಬಳ್ಳಿಯಲ್ಲಿ ಎರಡು ಬಗೆಯ ಹೂ ಬಿಡುತ್ತದೆ. ಒಂದಕ್ಕೆ ಉದ್ದನೆಯ ಸಪೂರ ತೊಟ್ಟು, ಅಷ್ಟೇ. ಇನ್ನೊಂದಕ್ಕೆ ಹೂವಿನ ಬುಡದಲ್ಲೇ ಪುಟ್ಟ ಕಾಯಿ. ಮೊದಲನೆಯದಕ್ಕೆ ನಮ್ಮ ಮನೆಯಲ್ಲಿ ಇಟ್ಟ ಹೆಸರು "ಸುಳ್ಳು ಹೂ". ಅದು ಕಾಯಿ ಕೊಡುವುದಿಲ್ಲವಲ್ಲ, ಆದ್ದರಿಂದ ಸುಳ್ಳು. ಅದು ಬಳ್ಳಿಯ ಸತ್ವ ಎಳೆಯುತ್ತದೆ, ಕಿತ್ತಷ್ಟೂ ಒಳ್ಳೆಯದು ಎಂದು ಅಜ್ಜಿಯ ಲೆಕ್ಕ. ಹಿಂದೆಲ್ಲ ಅವಳು ಕೀಳುತ್ತಿದ್ದದ್ದು ಮನೆಮಟ್ಟಿಗೆ, ಯಾವತ್ತೋ ಒಂದು ದಿನ. ಉಳಿದದ್ದು ಬಳ್ಳಿಯಲ್ಲೇ ಅರಳಿ ಬಾಡುತ್ತಿತ್ತು. ಹಾಲಾಡಿಯ ಪೋಡಿ ಶುರುವಾದ ಮೇಲೆ ದಿನಾ ಬೆಳಕು ಹರಿಯುವ ಮೊದಲೇ ಬುಟ್ಟಿ ಹಿಡಿದು ಇಳಿಯುತ್ತಿದ್ದಳು. ಒಂದೂ ಬಿಡುತ್ತಿರಲಿಲ್ಲ.

"ಅಬ್ಬೇ, ಇವತ್ ಹೂ ಕಮ್ಮಿ ಆಯ್ತಲೆ" ಎಂದು ಚಿಕ್ಕಪ್ಪಯ್ಯ ಬುಟ್ಟಿ ಅಲ್ಲಾಡಿಸಿ ನೋಡುತ್ತಿದ್ದರು.

"ನಾಳಿಗ್ ಮೊಗ್ಗೂ ಕೊಯ್ತೆ ಬಿಡಾ" ಎನ್ನುತ್ತಿದ್ದಳು ಅಜ್ಜಿ.

ಹೈಸ್ಕೂಲಿನಲ್ಲಿ ನಮಗೆ ಹೂವಿನ ಭಾಗಗಳ ಪಾಠ ಇತ್ತು. ದಾಸವಾಳ ತಂದು, ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, ಚಿತ್ರ ಬರೆದು, ಗೆರೆ ಎಳೆದು ಹೆಸರು ಬರೆದೆವು. ಹೊರಗಿನ ಹಸಿರು ಪುಷ್ಪಪತ್ರ, ಅದು ಮೊಗ್ಗನ್ನು ಕಾಯುತ್ತದೆ. ಬಣ್ಣದ ದಳ, ಅದು ಜೇನು ಚಿಟ್ಟೆಗಳನ್ನು ಕರೆಯುತ್ತದೆ. ಒಳಗೆ ಕೇಸರ, ಅದರ ತಲೆಯಲ್ಲಿ ಪರಾಗ. ನಡುವೆ ಶಲಾಕೆ: ಮೇಲೆ ಪರಾಗ ಹಿಡಿಯುವ ಅಂಟಾದ ತುದಿ, ಕೆಳಗೆ ನಳಿಕೆ, ಬುಡದಲ್ಲಿ ಅಂಡಾಶಯ. "ಕೇಸರ ಗಂಡು ಭಾಗ, ಶಲಾಕೆ ಹೆಣ್ಣು ಭಾಗ" ಎಂದು ಮೇಷ್ಟ್ರು ಹೇಳುವಾಗ ಹಿಂದಿನ ಬೆಂಚು ಕಿಸಕ್ಕೆಂದಿತು. ಮೇಷ್ಟ್ರು ಮುಖ ಕೆಂಪು ಮಾಡಿಕೊಂಡು "ಉಳಿದದ್ದು ಮನೆಯಲ್ಲಿ ಓದಿಕೊಳ್ಳಿ" ಎಂದು ಪುಟ ಮಗುಚಿದರು. ಉಳಿದದ್ದು ಎಂದರೆ ಮುಖ್ಯವಾದದ್ದು. ಪರಾಗ ಆ ತುದಿಗೆ ತಾಗದಿದ್ದರೆ ಅಂಡಾಶಯ ಕಾಯಾಗುವುದಿಲ್ಲ, ಬಾಡಿ ಬೀಳುತ್ತದೆ ಎಂಬುದು. ಎಲ್ಲ ಹೂವೂ ದಾಸವಾಳದ ಹಾಗಲ್ಲ, ಗಂಡು ಹೆಣ್ಣು ಬೇರೆ ಬೇರೆ ಹೂವಲ್ಲೂ ಇರುತ್ತದೆ ಎಂಬುದು. ಪರೀಕ್ಷೆಗೆ ದಾಸವಾಳವೇ ಬಂತು, ನಾನು ಚಿತ್ರ ಬರೆದು ಪೂರ್ತಿ ಅಂಕ ತಗೊಂಡೆ. ಆ ಪಾಠ ಓದಿದವರು ನಮ್ಮ ಊರಿನಲ್ಲಿ ಮನೆಗೊಬ್ಬರಿದ್ದಾರೆ. ಕುಂಬಳದ ಮಿಡಿ ಉದುರಿದರೆ ಮಾತ್ರ ಎಲ್ಲರೂ ಹುಡುಕುವುದು ಹೆಂಗಸಿನ ಬೆರಳನ್ನು. ಹಾಗಾದರೆ ಆ ದಾಸವಾಳಗಳನ್ನು ಸೀಳಿದ್ದು ಯಾವ ಪುರುಷಾರ್ಥಕ್ಕೆ?

ಬಾವಿಕಟ್ಟೆಯ ಮಾತಾದ ದಿನ ಮಧ್ಯಾಹ್ನ ನಾನು ಗದ್ದೆಯಲ್ಲಿ ಕೂತು ಬಳ್ಳಿಯನ್ನು ಬುಡದಿಂದ ನೋಡುತ್ತ ಬಂದೆ. ಬೇರು ನೀರು ಕುಡಿಯುತ್ತಿತ್ತು, ಮಣ್ಣು ತೇವ ಇತ್ತು. ಬಳ್ಳಿಯ ಕಾಂಡ ಹೆಬ್ಬೆರಳು ಗಾತ್ರ, ಎಲ್ಲೂ ಹುಳ ಕೊರೆದಿರಲಿಲ್ಲ. ಎಲೆ ಕೊಡೆಯ ಹಾಗಿತ್ತು. ಬಿಸಿಲಿನಲ್ಲಿ ಬಳ್ಳಿಗೆ ಬೇಕಾದ ಅಡುಗೆಯನ್ನೆಲ್ಲ ಮಾಡುವುದು ಅದು, ಅದೂ ಕೆಲಸ ತಪ್ಪಿಸಿರಲಿಲ್ಲ. ಸುತ್ತಲಿನ ಗದ್ದೆಗಳಲ್ಲಿ ಉದ್ದು, ನೆಲಗಡಲೆ. ಬೇರೆ ಕುಂಬಳ ಹತ್ತಿರದಲ್ಲಿ ಎಲ್ಲೂ ಇರಲಿಲ್ಲ. ಜೇನು ಬಂದಿತ್ತು, ಬಾಡಿದ ಹೆಣ್ಣು ಹೂವೊಂದರೊಳಗೆ ತಿರುಗಿ ಹೊರಗೆ ಬಂತು. ಅದರ ಕಾಲಿಗೆ ಅಂಟಿಸಿಕೊಳ್ಳಲು ಇಡೀ ಗದ್ದೆಯಲ್ಲಿ ಪರಾಗ ಇರಲಿಲ್ಲ. ಸುಳ್ಳು ಎಂದು ಅಜ್ಜಿ ಕಿತ್ತದ್ದೇ ಗಂಡು ಹೂ. ಪರಾಗ ಎಲ್ಲ ಹಾಲಾಡಿಯಲ್ಲಿ, ಕಡಲೆಹಿಟ್ಟಿನೊಳಗೆ, ಎಣ್ಣೆಯಲ್ಲಿ ಬೇಯುತ್ತಿತ್ತು.

ಇಷ್ಟು ಸಣ್ಣ ವಿಷಯ!

ಆದರೆ ನನಗೆ ಅನಿಸಿತು ಎಂಬುದು ಸಾಬೀತಲ್ಲ. ಹಾಗಾಗಿ ಸಂಜೆ ಚಿಕ್ಕಿಯನ್ನು ಕರೆದುಕೊಂಡು ಹೋಗಿ, ಮಾರನೇ ದಿನ ಅರಳುವ ಗಂಡು ಮೊಗ್ಗುಗಳಲ್ಲಿ ಕೆಲವನ್ನು ದೊಡ್ಡ ಎಲೆಗಳ ಅಡಿಗೆ ಬಗ್ಗಿಸಿ ಬಾಳೆನಾರಿನಲ್ಲಿ ಕಟ್ಟಿದೆ. ಬೆಳಿಗ್ಗೆ ಅಜ್ಜಿ ಬುಟ್ಟಿ ತುಂಬಿಕೊಂಡು ಮೇಲೆ ಹೋದಳು. ನಾವಿಬ್ಬರೂ ಇಳಿದೆವು. ಅಡಗಿಸಿದ ಹೂ ಅರಳಿತ್ತು.

"ದಳ ಎಲ್ಲ ಕಿತ್ತ್ ಬಿಸಾಡ್ ಚಿಕ್ಕಿ. ನಡೂಗ್ ಇಪ್ಪ ಕಡ್ಡಿ ಮುಟ್ಟ್."

ಅವಳು ಮುಟ್ಟಿದಳು. ಬೆರಳ ತುದಿಗೆ ಅರಸಿನದ ಹಾಗೆ ಹಳದಿ ಹತ್ತಿತು.

"ಈಗ ಅದನ್ನ ಹೆಣ್ ಹೂವಿನ್ ಒಳ್ಗ್, ಆ ಅಂಟ್ ಅಂಟ್ ಇಪ್ಪ ಜಾಗಕ್ಕ್ ಸವರ್."

"ಬೆರಳಂಗಾ?"

"ಬೆರಳಂಗೇ. ಉದ್ದಕ್ ಚಾಚಿ."

"ನಿನ್ ಅಜ್ಜಿ ಕಂಡ್ರೆ ಇವತ್ ನನ್ನನ್ನೇ ಪೋಡಿ ಮಾಡ್ತ್ರ್" ಎನ್ನುತ್ತ ಚಿಕ್ಕಿ ಸವರಿದಳು. ಆಮೇಲೆ ಇನ್ನೊಂದಕ್ಕೆ. ಮತ್ತೂ ಒಂದಕ್ಕೆ. ಮುಟ್ಟಿದ ಹೂವಿನ ತೊಟ್ಟಿಗೆ ಅವಳ ಹಳೆಯ ರವಿಕೆಯ ಕೆಂಪು ದಾರ ಕಟ್ಟಿದೆವು. ಮುಟ್ಟದೆ ಬಿಟ್ಟವುಗಳನ್ನು ಬೇಕೆಂದೇ ಹಾಗೇ ಬಿಟ್ಟೆವು. ರಜೆ ಮುಗಿಯುವವರೆಗೂ ಇದನ್ನೇ ಮಾಡಿದೆವು.

ದಾರ ಕಟ್ಟಿದವುಗಳಲ್ಲಿ ಹೆಚ್ಚಿನವು ನಿಂತವು. ಕಟ್ಟದವು ಹಳದಿಯಾಗಿ ಉದುರಿದವು. ಚಿಕ್ಕಿಯ ಯಾವ ಬೆರಳಿಗೆ ಕೊಳೆಸುವ ಹೆಸರು ಬಂದಿತ್ತೋ ಅದೇ ಬೆರಳು ಮುಟ್ಟಿದ ಕಾಯಿ, ನೋಡನೋಡುತ್ತ ತೆಂಗಿನಕಾಯಿಯಷ್ಟಾಯಿತು. ಪರೀಕ್ಷೆ ಮುಗಿಸಿ ಕುಂದಾಪುರದಿಂದ ಬಂದವಳೇ ನಾನು ಅಜ್ಜಿಯನ್ನು ಕೈ ಹಿಡಿದು ಗದ್ದೆಗೆ ಇಳಿಸಿದೆ. ನಡೆದದ್ದನ್ನೆಲ್ಲ ಹೇಳಿದೆ. ದಾರ ತೋರಿಸಿದೆ. ಸುಳ್ಳು ಹೂವಿನ ಕೆಲಸ ಏನು ಎಂದು, ಅದನ್ನು ಕಿತ್ತರೆ ಕಾಯಿ ಯಾಕೆ ನಿಲ್ಲುವುದಿಲ್ಲ ಎಂದು, ನನ್ನ ಜನ್ಮದ ತಾಳ್ಮೆಯನ್ನೆಲ್ಲ ಖರ್ಚು ಮಾಡಿ ಹೇಳಿದೆ.

ಅಜ್ಜಿ ಎಲ್ಲ ಕೇಳಿದಳು. ಕಾಯಿಯನ್ನು ಗೆಣ್ಣಿನಿಂದ ತಟ್ಟಿ ನೋಡಿದಳು.

"ಒಳ್ಳೆ ಕಾಯಿ. ನೀನ್ ಹತ್ರ ನಿಂತಿದ್ದೆ ಅಲ್ದಾ, ಹಾಂಗಾಯಿ ಅವ್ಳ್ ದೃಷ್ಟಿ ತಾಗ್ಲಿಲ್ಲ."

ಚರ್ಚಾಸ್ಪರ್ಧೆಯಲ್ಲಿ ನಾನು ಸೋತಿದ್ದೇನೆ. ಸೋತಾಗ ಎದುರಾಳಿ ನನಗಿಂತ ಚೆನ್ನಾಗಿ ಮಾತಾಡಿರುತ್ತಾನೆ, ಬೇಸರವಾದರೂ ಮರ್ಯಾದೆ ಉಳಿಯುತ್ತದೆ. ಇಲ್ಲಿ ನಾನು ಎಲ್ಲ ಗೆದ್ದು ಸೋತಿದ್ದೆ. ಅಜ್ಜಿಯ ಮೇಲೆ ನನಗಿದ್ದ ಸಿಟ್ಟು ಅಲ್ಲಿ ಅರ್ಧ ಇಳಿಯಿತು ಎಂದರೆ ನಂಬುತ್ತೀರೋ ಇಲ್ಲವೋ. ಅವಳು ನಂಬಿದ್ದನ್ನೇ ಹೇಳುತ್ತಿದ್ದಳು. ಆ ಹೊತ್ತು ಮೇಲೆ ಜಗಲಿಯಲ್ಲಿ ಕೂತು ಮೊಬೈಲು ತಿಕ್ಕುತ್ತಿದ್ದ ಮನುಷ್ಯನಿಗೆ ಅಂಥ ನಂಬಿಕೆಯೇನೂ ಇರಲಿಲ್ಲ. ಮುಂಬಯಿ ಕಂಡವರು, ಬೆರಳಿನ ಮಾತಿಗೆ ಹಿಂದಿನಿಂದ ನಗುತ್ತಿದ್ದವರು. ನಗು ಮಾತ್ರ ಯಾವತ್ತೂ ಅಜ್ಜಿಯ ಎದುರು ಬರಲಿಲ್ಲ. ಉಳಿದರ್ಧ ಸಿಟ್ಟು, ಬಡ್ಡಿ ಸಮೇತ, ಅವರ ಕಡೆಗೆ ಹೋಯಿತು.

ಆ ಕಾಯಿಯದೇ ಹುಳಿ ಮಾಡಿದ ದಿನ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಿದ್ದೆವು. ಚಿಕ್ಕಿ ಬಡಿಸುತ್ತಿದ್ದಳು. ಅಜ್ಜಿ ಮಾತು ತೆಗೆದಳು.

"ಬಳ್ಳಿಗೇ ಆತಿಲ್ಲ ಅಂದ್ಮೇಲೆ ಮನಿಗ್ ಹ್ಯಾಂಗ್ ಆತ್ತ್? ಸ್ವಲ್ಪ್ ದಿನ ಬೈಂದೂರಂಗೆ ಇದ್ದ್ ಬರ್ಲಿ."

"ಅಜ್ಜಿ, ಬಳ್ಳಿಯಂಗೆ ಕಾಯಿ ಕೊಡ್ದೇ ಇಪ್ದ್ ಯಾವ್ ಹೂ?" ಎಂದೆ.

"ಸುಳ್ಳ್ ಹೂ. ಗೊತ್ತಿಲ್ಯಾ ನಿಂಗೆ?"

"ಅದ್ ಗಂಡಾ, ಹೆಣ್ಣಾ?"

ಅಬ್ಬಿ ಎಡಗೈಯಿಂದ ನನ್ನ ತೊಡೆ ಚಿವುಟಿದಳು. "ಸುಮ್ನೆ ಉಣ್. ಮನ್ಶರ್ ಅಂದ್ರೆ ಕುಂಬ್ಳ ಬಳ್ಳಿಯಾ?"

"ನಾನಾ ಹಾಂಗಂದದ್ದ್? ಬಳ್ಳಿ ಸುದ್ದಿ ತೆಗ್ದ್ ಚಿಕ್ಕಿನ ಕಳ್ಸುಕ್ ಹೊರ್ಟದ್ದ್ ಯಾರ್? ನೀವ್ ಹೋಲಿಸ್ಬಹುದ್, ನಾನ್ ಹೋಲಿಸ್ರೆ ತಪ್ಪಾ?"

ಅಬ್ಬಿ ಹೇಳಿದ್ದು ಸರಿಯೇ. ಮನುಷ್ಯರು ಕುಂಬಳ ಅಲ್ಲ. ತೊಂದರೆ ಯಾರಲ್ಲಿದೆ ಎಂದು ನನಗೆ ಗೊತ್ತಿಲ್ಲ. ಇಬ್ಬರಲ್ಲೂ ಇಲ್ಲದೆಯೂ ಇರಬಹುದು. ಚಿಕ್ಕಪ್ಪಯ್ಯನದೇ ತಪ್ಪು ಎಂದರೆ ನಾನೂ ಬೆರಳು ತೋರಿಸಿದ ಹಾಗೆಯೇ. ನಾನು ಕೇಳುವುದು ಇಷ್ಟೇ: ಒಬ್ಬಳನ್ನು ಪೂರ್ತಿ ಪರೀಕ್ಷೆ ಮಾಡಿ, ಇನ್ನೊಬ್ಬರನ್ನು ಮುಟ್ಟದೆ ಬಿಟ್ಟು, ತೀರ್ಪು ಕೊಡುವುದು ಯಾವ ನ್ಯಾಯ? ನಮ್ಮ ಮಾತಿನಲ್ಲಿ ಹೆಣ್ಣಿಗೆ ಬಂಜೆ ಎಂಬ ಪದ ಸಿದ್ಧವಾಗಿದೆ, ಮದುವೆ ಮನೆಯಲ್ಲೂ ಪಿಸುಗುಟ್ಟಬಹುದು. ಅದೇ ಸ್ಥಿತಿಯಲ್ಲಿರುವ ಗಂಡಸಿಗೆ ಬೈಗುಳ ಇದೆ, ಪದ ಇಲ್ಲ. ಗಿಡದಲ್ಲಿ ಮಾತ್ರ ಗಂಡನ್ನು ಸುಳ್ಳು ಎಂದು ಕರೆದು ಕಿತ್ತು ಕರಿದು ತಿನ್ನುವಷ್ಟು ಧೈರ್ಯ ನಮಗಿದೆ. ಅಲ್ಲಿ ಆ ಮಾತು ತಪ್ಪು. ಕೇಳಬೇಕಾದ ಜಾಗದಲ್ಲಿ ಕೇಳುವವರಿಲ್ಲ.

"ಚಿಕ್ಕಪ್ಪಯ್ಯ, ನೀವಾರೂ ಎಂತಾರೂ ಹೇಳಿ" ಎಂದೆ.

ಅವರು ಎಲೆಯಿಂದ ತಲೆ ಎತ್ತಿದರು. ನನ್ನನ್ನು ನೋಡಲಿಲ್ಲ. ಚಿಕ್ಕಿಯ ಕಡೆ ತಿರುಗಿ, "ಹುಳಿ ಹಾಕ್" ಎಂದರು.

ಚಿಕ್ಕಿ ಹಾಕಿದಳು.

ಅವಳು ಹೊರಟದ್ದು ಅದೇ ವಾರ. ಹಿಂದಿನ ದಿನ ಬಟ್ಟೆ ಮಡಚುವಾಗ ನಾನು "ನೀನ್ ಹೋಯ್ಬೇಡ, ಕೂಕಂಡ್ ಬಿಡ್" ಎಂದಿದ್ದೆ. "ಇದ್ ನನ್ ಮನಿ, ನಂಗ್ ಹೋಪುಕ್ ಇಷ್ಟ ಇಲ್ಲ ಅಂದೆ ಹೆಣೆ, ನಿನ್ ಚಿಕ್ಕಪ್ಪಯ್ಯನ ಹತ್ರವೇ ಅಂದೆ" ಎಂದಳು. ಅವರು ಏನು ಹೇಳಿದರು ಎಂದು ನಾನು ಕೇಳಲಿಲ್ಲ. ಮಡಚಿದ ಸೀರೆಯನ್ನೇ ಅವಳು ಮತ್ತೆ ಬಿಡಿಸಿ ಮಡಚುತ್ತಿದ್ದಳು.

ಬೆಳಿಗ್ಗೆ ಚಿಕ್ಕಪ್ಪಯ್ಯ ಕಾರನ್ನು ಅಂಗಳಕ್ಕೆ ತಂದರು. ಹೋಟೆಲಿಗೆ ಆ ದಿನ ರಜೆ ಹಾಕಿದ್ದರು. ಡಾಕ್ಟರ ಬಳಿ ಹೋಗಲು ಸಿಗದ ರಜೆ ಹೆಂಡತಿಯನ್ನು ಬಿಟ್ಟು ಬರಲು ಸಿಕ್ಕಿತ್ತು. ಮನೆಯಿಂದ ಹೊರಡುವವರು "ಹೋತೆ" ಎನ್ನಬಾರದು, "ಬತ್ತೆ" ಎನ್ನಬೇಕು. ಉಳಿದವರು "ಬಾ" ಎನ್ನಬೇಕು. ಚಿಕ್ಕಿ ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಬತ್ತೆ ಅತ್ತೆ" ಎಂದಳು. ಎಲ್ಲ ಕಟ್ಟುಕಟ್ಟಳೆಗಳನ್ನೂ ಪಾಲಿಸುವ ನನ್ನ ಅಜ್ಜಿ ಆ ಒಂದಕ್ಷರ ಹೇಳಲಿಲ್ಲ. ಒಲೆಯ ಮೇಲೆ ಹಾಲು ಇದೆ ಎಂದು ಒಳಗೆ ಹೋದಳು. ನಾನು "ಬಾ ಚಿಕ್ಕಿ" ಎಂದೆ. ನನ್ನ ಮಾತಿಗೆ ಆ ಮನೆಯಲ್ಲಿ ಎಷ್ಟು ತೂಕ ಎಂಬುದು ಅವಳಿಗೂ ಗೊತ್ತು. ಅವಳು ಕಾರಿನ ಮುಂದಿನ ಸೀಟಿನಲ್ಲಿ ಕೂತು ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡಳು. ಹಿಂದಿನ ಸೀಟು ಖಾಲಿ ಇತ್ತು, ಆದರೂ ಮಡಿಲಲ್ಲೇ ಇಟ್ಟುಕೊಂಡಳು.

ನಾನು ಸುತ್ತಿ ಬಂದು ಚಿಕ್ಕಪ್ಪಯ್ಯನ ಕಿಟಕಿಯ ಮೇಲೆ ಎರಡೂ ಕೈ ಊರಿ ನಿಂತೆ. ಅವರು ಕೀಲಿ ತಿರುಗಿಸಿದರು. ಇಂಜಿನು ಹತ್ತಿತು. ಕನ್ನಡಿ ಸರಿ ಮಾಡುವ ನೆಪದಲ್ಲಿ ಮುಖ ಆಚೆ ತಿರುಗಿಸಿದರು. ಚಿಕ್ಕಿ ಮಾತ್ರ ಅವರನ್ನೇ ನೋಡುತ್ತಿದ್ದಳು. ವೇದಿಕೆಯ ಮೇಲೆ ಯಾವತ್ತೂ ತಪ್ಪದ ನಾಲಗೆ ಅವತ್ತು ತಡವರಿಸಿತು. ಆದರೂ ಕೇಳಿದೆ:

"ಚಿಕ್ಕಪ್ಪಯ್ಯ, ಬೈಂದೂರಿಗ್ ಹೋಪ್ದ್ ಕುಂದಾಪ್ರದ ಮೇಲೇ ಅಲ್ದಾ? ಅಲ್ ಆ ಡಾಕ್ಟ್ರ್ ಆಸ್ಪತ್ರಿ ಎದ್ರ್ ಕಾರ್ ನಿಲ್ಸಿ, ಈ ಸಲ ನೀವ್ ಇಳಿತ್ರ್ಯಾ?"